ಕಾವಲಿನವರೇ ದಾರಿ ತೋರಿದಾಗ

ಪಾವಗಡ ತಾಲೂಕಿನಲ್ಲಿ ಯಾರಾದರೂ ಬೆನ್ನು ನೋವು, ಸೊಂಟ ನೋವು ಎಂದರೆ ಕೇಳಿದವರು ಮೊದಲು ದೂರುವುದು ನೀರನ್ನು. ಅದರಲ್ಲಿ ತಪ್ಪೇನಿಲ್ಲ. ಇಲ್ಲಿನ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಲೀಟರಿಗೆ ಒಂದೂವರೆ ಮಿಲಿಗ್ರಾಂ ಎಂಬ ಮಿತಿಯನ್ನು ಎಷ್ಟೋ ಊರುಗಳಲ್ಲಿ ಅದು ದಾಟಿದೆ. ಮಕ್ಕಳ ಹಲ್ಲು ಕಂದಾಗುವುದು, ದೊಡ್ಡವರ ಕೀಲು ಬಿಗಿಯುವುದು, ಬೆನ್ನು ಬಾಗುವುದು ಈ ನೀರಿನಿಂದಲೇ. ಮಧುಗಿರಿ, ಶಿರಾ ಕಡೆಯ ಹಲವು ಹಳ್ಳಿಗಳಿಗೂ ಈ ಪಾಡು ಹೊಸದಲ್ಲ. ಆದರೆ ಐವತ್ತರ ಆಸುಪಾಸಿನ ಹೆಂಗಸೊಬ್ಬಳಿಗೆ ನಾಲ್ಕೈದು ವರ್ಷದ ಹಿಂದೆ ಎದೆಯ ಗಂಟಿಗೆ ಆಪರೇಷನ್ ಆಗಿದ್ದು, ಈಗ ಮಲಗಿದರೂ ಬಿಡದ ಬೆನ್ನು ನೋವು ಶುರುವಾಗಿದ್ದರೆ ನೀರನ್ನು ಬೈದು ಸುಮ್ಮನಾಗುವಂತಿಲ್ಲ. ಫ್ಲೋರೈಡ್ ಸೇರಿದ ಮೂಳೆ ಎಕ್ಸ್‌ರೇಯಲ್ಲಿ ಸಾಮಾನ್ಯವಾಗಿ ದಟ್ಟವಾಗಿ, ಬೆಳ್ಳಗೆ ಕಾಣುತ್ತದೆ. ಸ್ತನದಿಂದ ಹೊರಟ ಕ್ಯಾನ್ಸರ್ ಹೊಕ್ಕ ಮೂಳೆಯಲ್ಲಿ ಬಹಳ ಸಲ ಕಾಣುವುದು ಕೊರೆದುಹೋದ ಜಾಗಗಳು.

ಹಾಗೆ ಕೊರೆಯುವುದು ಕ್ಯಾನ್ಸರ್ ಕೋಶವಲ್ಲ. ಅದು ಆ ಹೆಂಗಸಿನ ಮೈಯದೇ ಕೋಶ; ಹೆಸರು ಆಸ್ಟಿಯೋಕ್ಲಾಸ್ಟ್. ಹಳೆಯ ಮೂಳೆಯನ್ನು ಕರಗಿಸಿ ಹೊಸದಕ್ಕೆ ಜಾಗ ಮಾಡಿಕೊಡುವುದು ಅದರ ನಿತ್ಯದ ಕೆಲಸ. ರೋಗಾಣುಗಳನ್ನು ನುಂಗುವ ಮ್ಯಾಕ್ರೋಫೇಜ್ ಎಂಬ ರಕ್ಷಕ ಕೋಶ ಹುಟ್ಟುವ ವಂಶದಲ್ಲೇ, ಅದೇ ಮೂಳೆಮಜ್ಜೆಯಲ್ಲಿ, ಇದೂ ಹುಟ್ಟುತ್ತದೆ. ಮೂಳೆಗೆ ಬಂದು ಕೂತ ಸ್ತನ ಕ್ಯಾನ್ಸರ್ ಕೋಶ ಒಂದು ರಾಸಾಯನಿಕವನ್ನು ಸುರಿಸಿ ಈ ಕೊರೆಯುವ ಕೋಶಗಳನ್ನು ಕೆಣಕುತ್ತದೆ. ಅವು ಅಳತೆ ಮೀರಿ ಮೂಳೆ ಕರಗಿಸುತ್ತವೆ. ಮೂಳೆಯೊಳಗೆ ಹುದುಗಿದ್ದ ಬೆಳವಣಿಗೆಯ ಅಂಶಗಳು ಹೊರಬರುತ್ತವೆ, ಅವನ್ನು ಉಂಡು ಕ್ಯಾನ್ಸರ್ ಕೊಬ್ಬುತ್ತದೆ, ಮತ್ತಷ್ಟು ಕೆಣಕುತ್ತದೆ. ಇಂಥ ರೋಗಿಗಳಿಗೆ ಕೊಡುವ ಜೋಲೆಡ್ರಾನಿಕ್ ಆಸಿಡ್ ಡ್ರಿಪ್ ಕ್ಯಾನ್ಸರ್ ಮದ್ದು ಎಂಬ ನಂಬಿಕೆ ಅನೇಕರಿಗಿದೆ. ನಿಜವಾಗಿ ಅದು ತಡೆಯುವುದು ಈ ಆಸ್ಟಿಯೋಕ್ಲಾಸ್ಟ್‌ಗಳನ್ನು, ಅಂದರೆ ನಮ್ಮದೇ ಕೋಶಗಳನ್ನು.

ಎದೆಯಲ್ಲಿರುವ ಗಂಟು ಅಲ್ಲೇ ಇದ್ದರೆ ಜೀವ ತೆಗೆಯುವುದು ಅಪರೂಪ. ಸ್ತನವಿಲ್ಲದೆ ಬದುಕಬಹುದು; ಶ್ವಾಸಕೋಶ, ಯಕೃತ್ತು, ಮಿದುಳು ಇಲ್ಲದೆ ಆಗದು. ಸಾವು ತರುವುದು ಅಲ್ಲಿಗೆ ಹರಡಿದ ರೋಗ. 2022ರ ಜಾಗತಿಕ ಅಂದಾಜಿನ ಪ್ರಕಾರ ಆ ಒಂದು ವರ್ಷದಲ್ಲಿ ಭಾರತದಲ್ಲಿ ಸುಮಾರು 1.92 ಲಕ್ಷ ಹೆಂಗಸರಿಗೆ ಸ್ತನ ಕ್ಯಾನ್ಸರ್ ಕಾಣಿಸಿಕೊಂಡಿತು, ಸುಮಾರು 98 ಸಾವಿರ ಮಂದಿ ತೀರಿಕೊಂಡರು. ಬೆಂಗಳೂರಿನ ಕಿದ್ವಾಯಿ ಸಂಸ್ಥೆ 1980ರ ದಶಕದಿಂದ ಇಟ್ಟುಕೊಂಡು ಬಂದ ನಗರದ ನೋಂದಣಿಯಲ್ಲೂ ಹೆಂಗಸರ ಕ್ಯಾನ್ಸರುಗಳಲ್ಲಿ ಗರ್ಭಕಂಠದ್ದನ್ನು ಹಿಂದೆ ಹಾಕಿ ಸ್ತನದ್ದು ಮೊದಲ ಸ್ಥಾನಕ್ಕೆ ಬಂದು ಬಹಳ ಕಾಲವಾಯಿತು.

ಹರಡುವ ಈ ಕೆಲಸದಲ್ಲಿ ಮೈಯನ್ನು ಕಾಯಬೇಕಾದ ಕೋಶಗಳ ಪಾತ್ರವೇನು ಎಂಬುದು ಕಳೆದ ಇಪ್ಪತ್ತೈದು ವರ್ಷಗಳಲ್ಲಿ ಬಿಡಿಸಿಕೊಳ್ಳುತ್ತಾ ಬಂದ ಪ್ರಶ್ನೆ. ಸಿಕ್ಕ ಉತ್ತರ ಅಂಗಡಿಯ ಜಾಹೀರಾತಿಗೆ ಒಗ್ಗುವಂಥದ್ದಲ್ಲ. ಕೋವಿಡ್ ಬಂದು ಹೋದ ಮೇಲೆ ‘ಇಮ್ಯುನಿಟಿ ಹೆಚ್ಚಿಸುವ’ ಪುಡಿ, ಕಷಾಯ, ಲೇಹ್ಯಗಳು ಸಂತೆಗೂ ಬಂದಿವೆ. ಕೊರಟಗೆರೆ ತಾಲೂಕಿನ ಸಿದ್ದರಬೆಟ್ಟವಂತೂ ಹಿಂದಿನಿಂದಲೂ ಮೂಲಿಕೆಗಳಿಗೆ ಹೆಸರಾದ ಬೆಟ್ಟ. ಮೂಲಿಕೆಯನ್ನು ಹಳಿಯಬೇಕಿಲ್ಲ: ಸ್ತನ ಕ್ಯಾನ್ಸರಿಗೆ ದಿನವೂ ಬಳಸುವ ಪ್ಯಾಕ್ಲಿಟ್ಯಾಕ್ಸೆಲ್ ಅಮೆರಿಕದ ಯೂ ಮರದ ತೊಗಟೆಯಲ್ಲಿ ಸಿಕ್ಕಿದ್ದು, ವಿನೊರೆಲ್ಬಿನ್ ನಮ್ಮ ಹಿತ್ತಿಲಲ್ಲಿ ಅರಳುವ ನಿತ್ಯಪುಷ್ಪದ ಸಾರದಿಂದ ರೂಪಿಸಿದ್ದು. ತೊಡಕಿರುವುದು ‘ಇಮ್ಯುನಿಟಿ’ ಎಂಬುದು ಒಂದೇ ಶಕ್ತಿ, ಅದನ್ನು ಏರಿಸಿದರೆ ಒಳ್ಳೆಯದು ಎಂಬ ನಂಬಿಕೆಯಲ್ಲಿ. ರಕ್ಷಣೆಯ ಕೋಶಗಳಲ್ಲಿ ಹಲವು ಜಾತಿ. ಅವುಗಳಲ್ಲಿ ಕೆಲವು ಕ್ಯಾನ್ಸರನ್ನು ಕೊಲ್ಲುತ್ತವೆ, ಕೆಲವು ಅದರ ಕೈಗೆ ಸಿಕ್ಕಿ ಅದಕ್ಕೇ ದುಡಿಯುತ್ತವೆ. ಏರಿಸುವುದಾದರೆ ಯಾವುದನ್ನು?

ಈ ವಿಚಾರದ ಬೇರು 1889ರಲ್ಲಿದೆ. ಲಂಡನ್ನಿನ ಶಸ್ತ್ರವೈದ್ಯ ಸ್ಟೀಫನ್ ಪ್ಯಾಜೆಟ್ ಸ್ತನ ಕ್ಯಾನ್ಸರಿನಿಂದ ಸತ್ತ 735 ಹೆಂಗಸರ ಶವಪರೀಕ್ಷೆಯ ದಾಖಲೆಗಳನ್ನು ಹರವಿಕೊಂಡು ಕೂತ. ರಕ್ತ ಎಲ್ಲ ಅಂಗಕ್ಕೂ ಹರಿಯುತ್ತದೆ. ಹಾಗಿದ್ದರೆ ರೋಗವೂ ಎಲ್ಲೆಡೆ ಸಮನಾಗಿ ಹರಡಬೇಕಿತ್ತು. ಹಾಗಾಗಿರಲಿಲ್ಲ. ಯಕೃತ್ತಿನಲ್ಲಿ ಹೇರಳವಾಗಿತ್ತು, ಗುಲ್ಮದಲ್ಲಿ ವಿರಳ. ಕೆಲವು ಮೂಳೆಗಳನ್ನು ಆರಿಸಿಕೊಂಡಂತಿತ್ತು. ಬೀಜ ಎಲ್ಲ ಕಡೆ ಬೀಳಬಹುದು, ಮೊಳೆಯುವುದು ಒಗ್ಗುವ ನೆಲದಲ್ಲಿ ಮಾತ್ರ ಎಂದು ಅವನು ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬರೆದ. ಕಡಲೆಕಾಯಿ ಬಿತ್ತುವ ಶಿರಾ, ಪಾವಗಡದ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹದ ಬಾರದ ಹೊಲಕ್ಕೆ ಬೀಜ ಹಾಕಿದರೆ ಬಿತ್ತನೆ ದಂಡ. ಪ್ಯಾಜೆಟ್‌ಗೆ ತಿಳಿಯದೆ ಉಳಿದದ್ದು, ಹೊಲ ಹದ ಮಾಡುವವರು ಯಾರು ಎಂಬುದು. 2005ರಲ್ಲಿ ನ್ಯೂಯಾರ್ಕಿನ ಡೇವಿಡ್ ಲೈಡನ್ ತಂಡ ಇಲಿಗಳಲ್ಲಿ ತೋರಿಸಿದಂತೆ, ಕ್ಯಾನ್ಸರ್ ಕೋಶಗಳು ಬರುವ ಮೊದಲೇ ಮೂಳೆಮಜ್ಜೆಯ ಕೋಶಗಳು ಶ್ವಾಸಕೋಶಕ್ಕೆ ಹೋಗಿ ಜಾಗ ಸಿದ್ಧಪಡಿಸಿರುತ್ತವೆ. ಅವನ್ನು ಕರೆಸುವುದು ದೂರದಲ್ಲಿರುವ ಗಡ್ಡೆ ಬಿಟ್ಟ ಸಂಕೇತಗಳು.

ಇನ್ನು ಗಡ್ಡೆಯೊಳಗೆ ಹೋಗೋಣ. ಕೈಗೆ ಗಟ್ಟಿಯಾಗಿ ಸಿಗುವ ಆ ಗಂಟು ಬರೀ ಕ್ಯಾನ್ಸರ್ ಕೋಶಗಳ ಮುದ್ದೆಯಲ್ಲ. ರಕ್ತನಾಳ, ನಾರಿನ ಕೋಶ, ಕೊಬ್ಬು, ಜೊತೆಗೆ ದೊಡ್ಡ ಸಂಖ್ಯೆಯಲ್ಲಿ ಮ್ಯಾಕ್ರೋಫೇಜ್‌ಗಳು ಅಲ್ಲಿರುತ್ತವೆ. ಮ್ಯಾಕ್ರೋಫೇಜ್‌ಗೆ ಎರಡು ಕಸುಬು. ಒಂದು, ಹೊರಗಿನಿಂದ ಬಂದದ್ದನ್ನು ನುಂಗಿ ಕೊಲ್ಲುವುದು. ಇನ್ನೊಂದು, ಗಾಯವಾದಾಗ ಕಸ ತೆಗೆದು ಹೊಸ ರಕ್ತನಾಳ ಬೆಳೆಸಿ, ಮಾಯುವುದಕ್ಕೆ ನೆರವಾಗುವುದು. ಕ್ಯಾನ್ಸರ್ ಗಡ್ಡೆ ತನ್ನನ್ನು ಮಾಯದ ಗಾಯವೆಂದು ತೋರಿಸಿಕೊಂಡು ಎರಡನೆಯ ಕಸುಬಿಗೆ ಅದನ್ನು ಹಚ್ಚುತ್ತದೆ.

2001ರಲ್ಲಿ ಜೆಫ್ರಿ ಪೊಲಾರ್ಡ್ ಮತ್ತು ಎಲೇನ್ ಲಿನ್ ನ್ಯೂಯಾರ್ಕಿನಲ್ಲಿ ಮಾಡಿದ ಪ್ರಯೋಗ ಈ ಕ್ಷೇತ್ರದ ದಿಕ್ಕು ತಿರುಗಿಸಿತು. ಸ್ತನ ಕ್ಯಾನ್ಸರ್ ತಾನಾಗಿ ಬರುವ ತಳಿಯ ಇಲಿಗಳಲ್ಲಿ ಮ್ಯಾಕ್ರೋಫೇಜ್‌ಗಳನ್ನು ಕರೆಸುವ ಸಿಎಸ್‌ಎಫ್-1 ಎಂಬ ಅಂಶವನ್ನೇ ಇಲ್ಲವಾಗಿಸಿದರು. ಗಡ್ಡೆ ಹುಟ್ಟಿತು, ಎಂದಿನಂತೆ ಬೆಳೆಯಿತು. ಶ್ವಾಸಕೋಶಕ್ಕೆ ಹರಡುವುದು ಮಾತ್ರ ಗಣನೀಯವಾಗಿ ಕುಂಠಿತವಾಯಿತು. ಬೆಳೆಯುವುದು ಬೇರೆ, ಹರಡುವುದು ಬೇರೆ. ಎರಡನೆಯದಕ್ಕೆ ರಕ್ಷಕ ಕೋಶದ ಸಹಾಯ ಬೇಕು ಎಂಬುದಕ್ಕೆ ಇಷ್ಟು ಸ್ಪಷ್ಟ ಪುರಾವೆ ಅದುವರೆಗೆ ಇರಲಿಲ್ಲ. ಆಮೇಲೆ ಪೊಲಾರ್ಡ್ ಅವರ ಸಂಸ್ಥೆಯಲ್ಲೇ ಇದ್ದ ಜಾನ್ ಕಾಂಡೀಲಿಸ್ ತಂಡ, ಬದುಕಿರುವ ಇಲಿಯ ಗಡ್ಡೆಯ ಒಳಗನ್ನು ಸೂಕ್ಷ್ಮದರ್ಶಕದಲ್ಲಿ ನೋಡಿತು. ಕ್ಯಾನ್ಸರ್ ಕೋಶ ಸಿಎಸ್‌ಎಫ್-1 ಬಿಡುತ್ತದೆ, ಮ್ಯಾಕ್ರೋಫೇಜ್ ಹತ್ತಿರ ಬಂದು ಇಜಿಎಫ್ ಎಂಬ ಇನ್ನೊಂದು ಅಂಶ ಬಿಡುತ್ತದೆ, ಅದರ ಜಾಡು ಹಿಡಿದು ಕ್ಯಾನ್ಸರ್ ಕೋಶ ಮುಂದೆ ಸರಿಯುತ್ತದೆ. ಹೀಗೆ ಒಂದರ ಹಿಂದೆ ಒಂದು, ನಾರಿನ ಎಳೆಗಳ ಗುಂಟ, ರಕ್ತನಾಳದವರೆಗೆ. ಅಲ್ಲಿ ನಾಳದ ಗೋಡೆಗೆ ಒತ್ತಿಕೊಂಡು ಕೂತ ಮ್ಯಾಕ್ರೋಫೇಜ್, ಒಂದು ಕ್ಯಾನ್ಸರ್ ಕೋಶ, ಗೋಡೆಯ ಒಂದು ಕೋಶ ಈ ಮೂರೂ ಸೇರಿದ ಕಡೆ ಗೋಡೆ ಕ್ಷಣಕಾಲ ಸಡಿಲವಾಗುತ್ತದೆ. ಸಂಶೋಧಕರು ಅದನ್ನು ಬಾಗಿಲು ಎಂದೇ ಕರೆದರು. ಹೆಂಗಸರ ಗಡ್ಡೆಗಳ ತುಣುಕುಗಳಲ್ಲೂ ಇಂಥ ತ್ರಿವಳಿಗಳನ್ನು ಎಣಿಸಿದರು. 2009ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ, ಬಾಗಿಲುಗಳು ಹೆಚ್ಚಿದ್ದವರಲ್ಲಿ ಮುಂದೆ ರೋಗ ದೂರಕ್ಕೆ ಹರಡಿದ್ದೂ ಹೆಚ್ಚು.

ರಕ್ತಕ್ಕೆ ಇಳಿದ ಕ್ಯಾನ್ಸರ್ ಕೋಶಕ್ಕೆ ಆಯುಸ್ಸು ಕಡಿಮೆ. ಹರಿವಿನ ರಭಸಕ್ಕೆ ಹರಿದುಹೋಗುತ್ತದೆ, ನ್ಯಾಚುರಲ್ ಕಿಲ್ಲರ್ ಎಂಬ ಕೋಶಗಳ ಕಣ್ಣಿಗೆ ಬಿದ್ದರೆ ಕೊಲೆಯಾಗುತ್ತದೆ. ಸಾವಿರಾರು ಹೊರಟರೂ ನೆಲೆ ಕಾಣುವುದು ಬೆರಳೆಣಿಕೆಯಷ್ಟು. ಉಳಿಯುವವು ಬಹುಪಾಲು ಜೊತೆಗಾರರಿರುವಂಥವು. ಪ್ಲೇಟ್‌ಲೆಟ್‌ಗಳು ಅಂಟಿಕೊಂಡು ಮರೆಮಾಡುತ್ತವೆ. ಕ್ಯಾನ್ಸರ್ ಕೋಶಗಳು ಒಂಟಿಯಾಗಿ ಹೋಗುವುದಕ್ಕಿಂತ ಗುಂಪಾಗಿ ಹೋದರೆ ಹರಡುವ ಸಾಮರ್ಥ್ಯ 23ರಿಂದ 50 ಪಟ್ಟು ಹೆಚ್ಚು ಎಂದು ನಿಕೋಲಾ ಅಚೆಟೊ ಮತ್ತು ಸಂಗಡಿಗರು 2014ರಲ್ಲಿ ಇಲಿಗಳಲ್ಲಿ ಲೆಕ್ಕ ಹಾಕಿದರು. 2019ರಲ್ಲಿ, ಸ್ವಿಟ್ಜರ್ಲೆಂಡಿನ ಬಾಸೆಲ್‌ನಿಂದ, ಅಚೆಟೊ ತಂಡ ಇನ್ನೂ ವಿಚಿತ್ರವಾದ ಸಂಗತಿ ವರದಿ ಮಾಡಿತು. ಸ್ತನ ಕ್ಯಾನ್ಸರ್ ರೋಗಿಗಳ ರಕ್ತದಲ್ಲಿ ಕೆಲವು ಕ್ಯಾನ್ಸರ್ ಕೋಶಗಳು ನ್ಯೂಟ್ರೋಫಿಲ್‌ಗಳಿಗೆ ತಗುಲಿಕೊಂಡು ಸಾಗುತ್ತಿದ್ದವು. ನ್ಯೂಟ್ರೋಫಿಲ್ ಎಂದರೆ ರಕ್ತಪರೀಕ್ಷೆಯ ಚೀಟಿಯಲ್ಲಿ ಬಿಳಿ ರಕ್ತಕಣಗಳ ಪೈಕಿ ಸಾಮಾನ್ಯವಾಗಿ ಎಲ್ಲಕ್ಕಿಂತ ದೊಡ್ಡ ಅಂಕಿ ಇರುತ್ತದಲ್ಲ, ಅದೇ. ಸೋಂಕು ತಗುಲಿದಾಗ ಮೊದಲು ಓಡಿಬರುವ ಕೋಶ. ಅದರ ಜೊತೆಯಲ್ಲಿದ್ದ ಕ್ಯಾನ್ಸರ್ ಕೋಶ ರಕ್ತದಲ್ಲಿರುವಾಗಲೇ ವಿಭಜನೆಯ ವೇಗ ಹೆಚ್ಚಿಸಿಕೊಳ್ಳುತ್ತಿತ್ತು. ಇಂಥ ಜೋಡಿಗಳು ಕಂಡ ರೋಗಿಗಳಲ್ಲಿ ಕಾಯಿಲೆ ಬೇಗ ಮುಂದುವರಿದಿತ್ತು.

ತುಮಕೂರು ಕಡೆಯಿಂದ ಬೆಂಗಳೂರಿಗೆ ಹೋಗುವ ಬಸ್ಸು ನೆಲಮಂಗಲ ದಾಟಿ ಯಶವಂತಪುರ ಹೊಕ್ಕಾಗ, ಭಾರತೀಯ ವಿಜ್ಞಾನ ಸಂಸ್ಥೆಯ ಆವರಣ ಅಲ್ಲಿಗೆ ಹತ್ತಿರದಲ್ಲೇ ಇರುತ್ತದೆ. ಕಿದ್ವಾಯಿಗೆ ಹೊರಟ ಮಧುಗಿರಿಯ, ಶಿರಾದ ಹೆಂಗಸರು ನಗರದ ಇನ್ನೊಂದು ದಿಕ್ಕಿಗೆ ಸಾಗಬೇಕು. ವಿಜ್ಞಾನ ಸಂಸ್ಥೆಯ ಆವರಣದ ಮರಗಳ ನಡುವೆ ತಮ್ಮದೇ ರೋಗದ ಮೇಲೆ ಕೆಲಸ ನಡೆಯುತ್ತಿದೆ ಎಂಬುದು ಅವರಿಗೆ ಗೊತ್ತಾಗುವ ಸಂದರ್ಭವೇ ಇಲ್ಲ. ಅಲ್ಲಿನ ಮೋಹಿತ್ ಕುಮಾರ್ ಜಾಲಿ ಅವರ ತಂಡ ಗಣಿತದ ಮಾದರಿಗಳ ಮೂಲಕ ಕ್ಯಾನ್ಸರ್ ಕೋಶದ ವೇಷ ಬದಲಾವಣೆಯನ್ನು ಹಿಂಬಾಲಿಸುತ್ತಿದೆ. ಸ್ತನದ ನಾಳಗಳ ಒಳಮೈಯಲ್ಲಿ ಒಂದಕ್ಕೊಂದು ಅಂಟಿಕೊಂಡು ನಿಲ್ಲುವುದು ಆ ಕೋಶಗಳ ಹುಟ್ಟುಗುಣ. ಹೊರಡಬೇಕಾದರೆ ಅಂಟು ಬಿಡಬೇಕು, ಓಡಾಡುವ ಗುಣ ಬರಬೇಕು. ಪೂರ್ತಿ ಬದಲಾದ ಕೋಶಗಳೇ ಅಪಾಯಕಾರಿ ಎಂದು ಹಿಂದೆ ಎಣಿಸಿದ್ದರು. ಅರ್ಧ ಅಂಟು, ಅರ್ಧ ಓಟ ಎಂಬಂಥ ನಡುವಿನ ಸ್ಥಿತಿಯ ಕೋಶಗಳು ಗುಂಪಾಗಿ ಸಾಗಬಲ್ಲವು, ಆದ್ದರಿಂದ ಹೆಚ್ಚು ಕೆಡುಕಿನವು ಎಂಬುದು ಈ ಮಾದರಿಗಳು ಗಟ್ಟಿಗೊಳಿಸಿದ ವಿಚಾರ. 2021ರಲ್ಲಿ ಈ ತಂಡ ಮಂಡಿಸಿದ ಲೆಕ್ಕಾಚಾರದಂತೆ, ಆ ನಡುವಿನ ಸ್ಥಿತಿಯಲ್ಲೇ ಕೋಶಗಳು ತಮ್ಮ ಮೈಮೇಲೆ ಪಿಡಿ-ಎಲ್1 ಎಂಬ ಪ್ರೋಟೀನನ್ನು ಏರಿಸಿಕೊಳ್ಳುತ್ತವೆ. ಕೊಲ್ಲಲು ಬಂದ ಟಿ ಕೋಶಕ್ಕೆ ‘ನಿಲ್ಲು’ ಎಂದು ಹೇಳುವ ಗುರುತು ಅದು. ಹೊರಡುವ ತಯಾರಿ, ತಪ್ಪಿಸಿಕೊಳ್ಳುವ ತಯಾರಿ ಎರಡೂ ಜೊತೆಯಲ್ಲೇ ನಡೆಯುತ್ತವೆ.

ಅದೇ ಸಂಸ್ಥೆಯ ಅನ್ನಪೂರ್ಣಿ ರಂಗರಾಜನ್ ಅವರ ಪ್ರಯೋಗಾಲಯದ ಪ್ರಶ್ನೆ ಬೇರೆ. ಆಸರೆ ತಪ್ಪಿ ತೇಲುವ ಕೋಶ ಸಾಯಬೇಕು. ಸ್ತನ ಕ್ಯಾನ್ಸರ್ ಕೋಶ ಏಕೆ ಸಾಯುವುದಿಲ್ಲ? ಕೋಶದ ಶಕ್ತಿಯ ಲೆಕ್ಕ ನೋಡಿಕೊಳ್ಳುವ ಎಎಂಪಿಕೆ ಎಂಬ ಕಿಣ್ವ ಅದನ್ನು ಮಿತವ್ಯಯಕ್ಕೆ ಇಳಿಸಿ ಉಳಿಸುತ್ತದೆ ಎಂಬುದನ್ನು ಅವರ ತಂಡ ತೋರಿಸಿದೆ.

ಹೋಗಿ ಸೇರಿದ ಕೋಶ ತಕ್ಷಣ ಬೆಳೆಯಬೇಕೆಂದಿಲ್ಲ. ಕೆಲವು ವರ್ಷಗಟ್ಟಲೆ ಮಲಗಿರುತ್ತವೆ. ಆಪರೇಷನ್ ಆಗಿ ಹತ್ತು ವರ್ಷ ಚೆನ್ನಾಗಿದ್ದವರಿಗೆ ಮತ್ತೆ ರೋಗ ಕಾಣಿಸಿಕೊಳ್ಳುವುದು ಇದರಿಂದಲೇ. ಮಲಗಿದ್ದಷ್ಟು ಕಾಲ ಅವುಗಳನ್ನು ಅದುಮಿಡುವಲ್ಲಿ ನ್ಯಾಚುರಲ್ ಕಿಲ್ಲರ್ ಮತ್ತು ಟಿ ಕೋಶಗಳಿಗೂ ಪಾಲಿದೆ. ಇಲ್ಲಿ ರಕ್ಷಣೆ ನಿಜವಾಗಿಯೂ ರಕ್ಷಣೆ. ಎಬ್ಬಿಸುವುದು ಯಾವುದು? ಅಮೆರಿಕದ ಕೋಲ್ಡ್ ಸ್ಪ್ರಿಂಗ್ ಹಾರ್ಬರ್‌ನಲ್ಲಿ ಮಿಕಾಲಾ ಎಗೆಬ್ಲಾಡ್ ತಂಡ 2018ರಲ್ಲಿ ಒಂದು ಉತ್ತರ ಕೊಟ್ಟಿತು. ಇಲಿಗಳ ಶ್ವಾಸಕೋಶಕ್ಕೆ ತಂಬಾಕಿನ ಹೊಗೆಯಿಂದ ಬಹುಕಾಲ ಉರಿಯೂತ ಬರಿಸಿದಾಗ ನ್ಯೂಟ್ರೋಫಿಲ್‌ಗಳು ತಮ್ಮ ಡಿಎನ್‌ಎಯನ್ನೇ ಬಲೆಯಂತೆ ಹೊರಗೆ ಎಸೆದವು. ಆ ಬಲೆಯಲ್ಲಿದ್ದ ಕಿಣ್ವಗಳು ಅಕ್ಕಪಕ್ಕದ ಲ್ಯಾಮಿನಿನ್ ಎಂಬ ಪ್ರೋಟೀನನ್ನು ಕತ್ತರಿಸಿದವು, ಕತ್ತರಿಸಿದ ತುದಿ ತಾಗಿದ ಕ್ಯಾನ್ಸರ್ ಕೋಶ ಎದ್ದಿತು. ಬ್ಯಾಕ್ಟೀರಿಯಾ ಹಿಡಿಯಲೆಂದು ಇರುವ ಬಲೆ ಅದು. ಸೌದೆ ಒಲೆಯ ಹೊಗೆಗೂ ಇದನ್ನು ಎಳೆದು ಹೊಂದಿಸುವ ಉತ್ಸಾಹ ಬೇಡ. ಪ್ರಯೋಗ ಇಲಿಗಳದ್ದು, ಹೊಗೆ ಸಿಗರೇಟಿನದ್ದು.

2025ರ ವೈದ್ಯಕೀಯ ನೊಬೆಲ್ ಬಂದದ್ದು ಇನ್ನೊಂದು ಜಾತಿಯ ರಕ್ಷಕ ಕೋಶಕ್ಕಾಗಿ. ಮೇರಿ ಬ್ರಂಕೋ, ಫ್ರೆಡ್ ರಾಮ್ಸ್‌ಡೆಲ್, ಶಿಮೊನ್ ಸಕಾಗುಚಿ ಗುರುತಿಸಿದ ನಿಯಂತ್ರಕ ಟಿ ಕೋಶಗಳು, ಉಳಿದ ಟಿ ಕೋಶಗಳು ನಮ್ಮದೇ ಅಂಗಗಳ ಮೇಲೆ ಬೀಳದಂತೆ ತಡೆಯುತ್ತವೆ. ಇವಿಲ್ಲದಿದ್ದರೆ ಮನುಷ್ಯ ತನ್ನ ರಕ್ಷಣೆಯಿಂದಲೇ ಸಾಯುತ್ತಾನೆ. ಗಡ್ಡೆ ಇವನ್ನೂ ತನ್ನೊಳಗೆ ಸೇರಿಸಿಕೊಂಡು ನೆಮ್ಮದಿಯಾಗಿರುತ್ತದೆ. ಪಿಡಿ-ಎಲ್1 ಹೇಳುವ ‘ನಿಲ್ಲು’ ಎಂಬುದನ್ನು ಟಿ ಕೋಶ ಕೇಳಿಸಿಕೊಳ್ಳುವ ಪಿಡಿ-1 ಎಂಬ ತಡೆಯನ್ನು ಕಂಡುಹಿಡಿದ ತಸುಕು ಹೊಂಜೊ ಅವರಿಗೆ, ಇಂಥದೇ ಇನ್ನೊಂದು ತಡೆಯ ಮೇಲೆ ಕೆಲಸ ಮಾಡಿದ ಜೇಮ್ಸ್ ಆಲಿಸನ್ ಜೊತೆ, 2018ರಲ್ಲೇ ನೊಬೆಲ್ ಸಿಕ್ಕಿತ್ತು.

ಪಿಡಿ-1 ತಡೆಯನ್ನು ಕಳಚುವ ಪೆಂಬ್ರೊಲಿಜುಮ್ಯಾಬ್ ಔಷಧಿ ಎಲ್ಲ ಸ್ತನ ಕ್ಯಾನ್ಸರಿಗೂ ನಾಟುವುದಿಲ್ಲ. ಹಾರ್ಮೋನಿಗೆ ಸ್ಪಂದಿಸುವ ಬಗೆಯ ಗಡ್ಡೆಗಳೊಳಗೆ ಸಾಮಾನ್ಯವಾಗಿ ಟಿ ಕೋಶಗಳೇ ಕಡಿಮೆ. ತಡೆ ಕಳಚಿದರೂ ಹೋರಾಡುವವರು ಬೇಕಲ್ಲ. ಈಸ್ಟ್ರೋಜನ್ ರಿಸೆಪ್ಟರ್, ಪ್ರೊಜೆಸ್ಟರೋನ್ ರಿಸೆಪ್ಟರ್, ಹರ್‌2 ಎಂಬ ಪ್ರೋಟೀನ್ ಮೂರೂ ಇಲ್ಲದ ‘ಟ್ರಿಪಲ್ ನೆಗೆಟಿವ್’ ಬಗೆಯಲ್ಲಿ ಅದು ಕೆಲಸ ಮಾಡುತ್ತದೆ. ಒಂದು ಪ್ರಯೋಗದಲ್ಲಿ, ಆಪರೇಷನ್‌ಗೆ ಮೊದಲು ಕೀಮೋ ಜೊತೆ ಕೊಟ್ಟಾಗ ನೂರರಲ್ಲಿ ಸುಮಾರು 65 ಮಂದಿಯಲ್ಲಿ ಗಡ್ಡೆಯ ಕುರುಹೇ ಉಳಿಯಲಿಲ್ಲ. ಬರೀ ಕೀಮೋ ಪಡೆದವರಲ್ಲಿ ಅದು 51. ಭಾರತದಲ್ಲಿ ಈ ಬಗೆ ಪಾಶ್ಚಾತ್ಯ ದೇಶಗಳಿಗಿಂತ ಹೆಚ್ಚು, ಹತ್ತರಲ್ಲಿ ಮೂರರ ಹತ್ತಿರ. ಮದ್ದಿನ ಬೆಲೆಯೋ, ಒಂದೊಂದು ಡೋಸಿಗೇ ಲಕ್ಷದ ಮಾತು. ಕಡಲೆಕಾಯಿಗೆ ಮಳೆ ಕೈಕೊಟ್ಟ ವರ್ಷ ಬಸ್ ಚಾರ್ಜಿಗೂ ಲೆಕ್ಕ ಹಾಕುವ ಮನೆಗಳಿಗೆ ಇದು ಇದ್ದೂ ಇಲ್ಲದ ಮದ್ದು. ಇದಕ್ಕೆ ಉತ್ತರವನ್ನು ಭಾರತೀಯ ವೈದ್ಯರೇ ಹುಡುಕುತ್ತಿದ್ದಾರೆ. ಮುಂಬೈನ ಟಾಟಾ ಆಸ್ಪತ್ರೆ ಮುಂದುವರಿದ ತಲೆ-ಕತ್ತಿನ ಕ್ಯಾನ್ಸರಿನಲ್ಲಿ ಇದೇ ಜಾತಿಯ ನಿವೊಲುಮ್ಯಾಬನ್ನು ಬರೀ 20 ಮಿಲಿಗ್ರಾಂನಂತೆ, ಅಂದರೆ ಎಂದಿನ ಪ್ರಮಾಣದ ಸಣ್ಣ ಚೂರಿನಷ್ಟು ಕೊಟ್ಟು, ಒಂದು ವರ್ಷ ಬದುಕಿದವರ ಪ್ರಮಾಣ 16ರಿಂದ 43 ಶೇಕಡಕ್ಕೆ ಏರಿದ್ದನ್ನು ತೋರಿಸಿದೆ.

ರಕ್ಷಕ ಕೋಶಗಳನ್ನು ಸರಿಯಾದ ಕಡೆಗೆ ತಿರುಗಿಸಿದ ಇನ್ನೊಂದು ಮದ್ದು ಇಷ್ಟು ದೂರದ್ದಲ್ಲ. ಹರ್‌2 ಬಗೆಯ ಗಡ್ಡೆಗೆ ಕೊಡುವ ಟ್ರಾಸ್ಟುಜುಮ್ಯಾಬ್ ಕ್ಯಾನ್ಸರ್ ಕೋಶದ ಬೆಳವಣಿಗೆಯ ಸಂಕೇತ ತಡೆಯುವುದಲ್ಲದೆ, ಅದರ ಮೈಗೆ ಅಂಟಿ ನ್ಯಾಚುರಲ್ ಕಿಲ್ಲರ್‌ಗಳನ್ನೂ ಮ್ಯಾಕ್ರೋಫೇಜ್‌ಗಳನ್ನೂ ಕರೆಯುತ್ತದೆ. ದಾರಿ ತೋರುತ್ತಿದ್ದ ಮ್ಯಾಕ್ರೋಫೇಜ್ ಇಲ್ಲಿ ನುಂಗಲು ಬರುತ್ತದೆ! 2014ರಲ್ಲಿ ಬೆಂಗಳೂರಿನ ಬಯೋಕಾನ್ ಅದರ ಅಗ್ಗದ ರೂಪವನ್ನು ಭಾರತದ ಮಾರುಕಟ್ಟೆಗೆ ತಂದಿತು.

ಇಷ್ಟೆಲ್ಲದರ ನಡುವೆ ಸದ್ದಿಲ್ಲದ ಒಂದು ಪರೀಕ್ಷೆಯಿದೆ. ಬಯಾಪ್ಸಿ ತುಣುಕನ್ನು ನೇರಳೆ, ಗುಲಾಬಿ ಬಣ್ಣ ಹಾಕಿ ಗಾಜಿನ ಮೇಲೆ ನೋಡುವಾಗ ಗಡ್ಡೆಯೊಳಗೆ ನುಗ್ಗಿದ ಲಿಂಫೋಸೈಟ್‌ಗಳು, ಅಂದರೆ ಮುಖ್ಯವಾಗಿ ಟಿ ಕೋಶಗಳು, ಎಷ್ಟು ಪಾಲು ಜಾಗ ಹಿಡಿದಿವೆ ಎಂದು ಅಂದಾಜಿಸುವುದು. 2024ರಲ್ಲಿ ಪ್ರಕಟವಾದ, ಹಲವು ದೇಶಗಳ 1,966 ರೋಗಿಗಳ ಅಧ್ಯಯನ ಕೀಮೋ ಪಡೆಯದ ಟ್ರಿಪಲ್ ನೆಗೆಟಿವ್ ಹೆಂಗಸರನ್ನು ಗಮನಿಸಿತು. ಮೊದಲ ಹಂತದ ರೋಗದಲ್ಲಿ ಆ ಪಾಲು ಅರ್ಧ ಇಲ್ಲವೇ ಅದಕ್ಕಿಂತ ಹೆಚ್ಚಿದ್ದವರಲ್ಲಿ ಶೇಕಡ 94 ಮಂದಿಗೆ ಐದು ವರ್ಷ ರೋಗ ದೂರಕ್ಕೆ ಹರಡಲಿಲ್ಲ. ಶೇಕಡ 30ಕ್ಕಿಂತ ಕಡಿಮೆ ಇದ್ದವರಲ್ಲಿ ಅದು 78. ಇದಕ್ಕೆ ಹೊಸ ಯಂತ್ರ ಬೇಡ. ತುಮಕೂರಿನ ವೈದ್ಯಕೀಯ ಕಾಲೇಜುಗಳಲ್ಲಿ ದಿನವೂ ಬಳಸುವ ಸೂಕ್ಷ್ಮದರ್ಶಕ, ಪಳಗಿದ ಪೆಥಾಲಜಿಸ್ಟರ ಕಣ್ಣು, ವರದಿಯಲ್ಲಿ ಇನ್ನೊಂದು ಸಾಲು ಸಾಕು.

ಆದರೆ ಅದಕ್ಕೆ ಬಯಾಪ್ಸಿ ಆಗಬೇಕು. ಗಂಟಿಗೆ ಸೂಜಿ ಚುಚ್ಚಿದರೆ ‘ಕೆದಕಿದಂಗಾಗಿ ಹರಡ್ತೈತೆ’ ಎಂಬ ಅಂಜಿಕೆ ಈ ಕಡೆ ಬಲವಾಗಿದೆ. ಸೂಜಿ ಬಯಾಪ್ಸಿಯಿಂದ ಸ್ತನ ಕ್ಯಾನ್ಸರ್ ರೋಗಿಗಳ ಆಯುಸ್ಸು ಕುಗ್ಗಿದ್ದಕ್ಕೆ ಆಧಾರವಿಲ್ಲ. ಗಡ್ಡೆಯಿಂದ ಕೋಶಗಳು ಹೊರಡಲು ಸೂಜಿ ಬೇಕಿಲ್ಲ, ಒಳಗಿನ ಬಾಗಿಲುಗಳೇ ಸಾಕು ಎಂಬುದನ್ನು ನೋಡಿದೆವಲ್ಲ. ಆಪರೇಷನ್ ಹೊತ್ತಿನಲ್ಲಿ ಗಡ್ಡೆಯ ಕೋಶಗಳು ಕದಲುತ್ತವೆಯೇ ಎಂಬ ಪ್ರಶ್ನೆ ಮಾತ್ರ ವೈದ್ಯರಿಗೂ ಇದೆ. ಶಸ್ತ್ರವೈದ್ಯ ರಾಜೇಂದ್ರ ಬಡ್ವೆ ನೇತೃತ್ವದಲ್ಲಿ ಭಾರತದ 11 ಆಸ್ಪತ್ರೆಗಳು ಸುಮಾರು 1,600 ಹೆಂಗಸರಲ್ಲಿ ಒಂದು ಉಪಾಯ ಪರೀಕ್ಷಿಸಿದವು: ಗಡ್ಡೆ ತೆಗೆಯುವ ಸ್ವಲ್ಪ ಮುಂಚೆ ಅದರ ಸುತ್ತ ಲಿಡೊಕೇನ್, ಅಂದರೆ ಹಲ್ಲು ಕೀಳುವಾಗ ಕೊಡುವ ಅದೇ ಮರಗಟ್ಟಿಸುವ ಮದ್ದಿನ ಇಂಜೆಕ್ಷನ್. ಐದು ವರ್ಷದ ನಂತರ ಬದುಕಿದ್ದವರು ಇಂಜೆಕ್ಷನ್ ಪಡೆದವರಲ್ಲಿ ಶೇಕಡ 90.1, ಪಡೆಯದವರಲ್ಲಿ 86.4. 2023ರಲ್ಲಿ ಪ್ರಕಟವಾದ ಈ ಫಲಿತಾಂಶ ಬೇರೆ ದೇಶಗಳಲ್ಲೂ ಮರುಪರೀಕ್ಷೆಗೆ ಒಳಗಾಗಬೇಕಾದದ್ದು. ಅಷ್ಟಾದರೂ ಇಷ್ಟು ಕಡಿಮೆ ಖರ್ಚಿನಲ್ಲಿ ಇಷ್ಟು ದೊಡ್ಡ ಲಾಭದ ಸೂಚನೆ ಕ್ಯಾನ್ಸರಿನಲ್ಲಿ ಅಪರೂಪ.

ಮೂವತ್ತು ದಾಟಿದವರ ಮನೆಗೆ ಆಶಾ ಕಾರ್ಯಕರ್ತೆ ತರುವ ತಪಾಸಣಾ ಪಟ್ಟಿಯಲ್ಲಿ ಹೆಂಗಸರಿಗೆಂದೇ ಕೆಲವು ಪ್ರಶ್ನೆಗಳಿವೆ: ಸ್ತನದಲ್ಲಿ ಗಂಟು ಇದೆಯೇ, ತೊಟ್ಟಿನಿಂದ ರಕ್ತ ಮಿಶ್ರಿತ ದ್ರವ ಬರುತ್ತದೆಯೇ, ಆಕಾರ ಬದಲಾಗಿದೆಯೇ. ಅತ್ತೆ, ಗಂಡ, ಮಕ್ಕಳ ಎದುರು ಜಗಲಿಯ ಮೇಲೆ ಕೇಳಿದರೆ ಉತ್ತರ ‘ಇಲ್ಲ’ ಎಂದೇ ಬರುತ್ತದೆ. ನೋವಿಲ್ಲದ ಗಂಟಾದರೆ ಹೇಳುವ ಅಗತ್ಯವೂ ಕಾಣುವುದಿಲ್ಲ. ಮೊದಮೊದಲ ಕ್ಯಾನ್ಸರ್ ಗಂಟು ಹೆಚ್ಚಾಗಿ ನೋಯುವುದೇ ಇಲ್ಲ. ಮೂರು ಕಡೆ ಆಂಧ್ರ ಸುತ್ತಿರುವ ಪಾವಗಡದಿಂದ ಜಿಲ್ಲಾ ಕೇಂದ್ರ ತುಮಕೂರಿಗೆ ನೂರು ಕಿಲೋಮೀಟರಿನ ಹತ್ತಿರ. ಬೆಂಗಳೂರು ಇನ್ನೂ ಆಚೆ. ರಾಜ್ಯ ಸರ್ಕಾರ 2025ರಲ್ಲಿ 16 ಜಿಲ್ಲಾ ಆಸ್ಪತ್ರೆಗಳಲ್ಲಿ ಹಗಲು ಹೊತ್ತಿನ ಕೀಮೋ ಕೇಂದ್ರಗಳನ್ನು ತೆರೆದದ್ದು ಇಂಥ ಓಡಾಟ ತಗ್ಗಿಸಲೆಂದೇ.

ಮ್ಯಾಮೊಗ್ರಾಂ ಯಂತ್ರ ಇಲ್ಲದ ಕಡೆ ಏನು ಮಾಡಬಹುದು ಎಂಬುದಕ್ಕೆ ಮುಂಬೈಯ ಬಡಾವಣೆಗಳಲ್ಲಿ 1998ರಲ್ಲಿ ಶುರುವಾದ ಪ್ರಯೋಗದ ಫಲಿತಾಂಶ 2021ರಲ್ಲಿ ಹೊರಬಂತು. 35ರಿಂದ 64 ವಯಸ್ಸಿನ ಒಂದೂವರೆ ಲಕ್ಷ ಹೆಂಗಸರಲ್ಲಿ ಅರ್ಧದಷ್ಟು ಜನರ ಎದೆಯನ್ನು ಎರಡು ವರ್ಷಕ್ಕೊಮ್ಮೆ ತರಬೇತಾದ ಆರೋಗ್ಯ ಕಾರ್ಯಕರ್ತೆಯರು ಕೈಯಿಂದ ಮುಟ್ಟಿ ಪರೀಕ್ಷಿಸಿದರು. ಆ ಗುಂಪಿನಲ್ಲಿ ಗಡ್ಡೆಗಳು ಮುಂಚಿನ ಹಂತದಲ್ಲೇ ಸಿಕ್ಕವು. ಐವತ್ತು ದಾಟಿದವರಲ್ಲಿ ಸ್ತನ ಕ್ಯಾನ್ಸರಿನ ಸಾವು ಸುಮಾರು ಶೇಕಡ 30ರಷ್ಟು ಇಳಿಯಿತು. ಐವತ್ತಕ್ಕಿಂತ ಕಡಿಮೆ ವಯಸ್ಸಿನವರಲ್ಲಿ ಅಂಥ ಇಳಿಕೆ ಕಾಣಲಿಲ್ಲ.